ಕ್ಯಾಸಿಯೊ ಎಫ್‌ಎಕ್ಸ್-991ಇಎಸ್ ಪ್ಲಸ್: ‘ಫ್ಯಾಕ್ಟ್’ ಬಟನ್ ಅನ್ನು ಎಲ್ಲಿಯವರೆಗೆ ನಂಬಬಹುದು?

ಬೆಳಗಾವಿಯ ಖಡೇಬಜಾರ್‌ನಲ್ಲಿ ಈ ಕ್ಯಾಲ್ಕುಲೇಟರ್ ಕೊಳ್ಳುವವರು ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ಊರಿನ ಪಿನ್‌ಕೋಡ್ 590001 ಹೊಡೆದು ‘=’ ಒತ್ತಿ. ನಂತರ ಶಿಫ್ಟ್, ಅದಾದ ಮೇಲೆ ಡಿಗ್ರಿ-ನಿಮಿಷ-ಸೆಕೆಂಡಿನ ಬಟನ್; ಸಂಖ್ಯೆಯನ್ನು ಅವಿಭಾಜ್ಯ ಅಪವರ್ತನಗಳಾಗಿ ಒಡೆಯುವ ‘ಫ್ಯಾಕ್ಟ್’ ಇರುವುದು ಅದರ ಮೇಲೆಯೇ. 3×193×1019 ಬರಬೇಕು. ವಿಜಯಪುರದ 586101 ಕೊಟ್ಟರೆ 3×79×2473. ಎರಡೂ ಮೂರು ಬೇರೆ ಬೇರೆ ಅವಿಭಾಜ್ಯಗಳ ಗುಣಲಬ್ಧ, ಅಂದರೆ ಸ್ಫೆನಿಕ್ ಸಂಖ್ಯೆಗಳು, ಎಂಟೆಂಟು ಭಾಜಕಗಳು. ಬಾಗಲಕೋಟೆಯ 587101 ಮಾತ್ರ ಒಡೆಯದೆ ಹಾಗೇ ನಿಲ್ಲುತ್ತದೆ. ಅದು ಅವಿಭಾಜ್ಯ, ಮೂರೂರಲ್ಲಿ ಅದೊಂದೇ!

ಇಷ್ಟರವರೆಗೆ ಬಟನ್ ಪಕ್ಕಾ. ಈಗ 1234567890 ಕೊಡಿ. 2×3²×5×(13717421) ಎಂದು ಬರುತ್ತದೆ. ಆವರಣದೊಳಗಿನದು ಅವಿಭಾಜ್ಯ ಎಂದು ಬರೆದುಕೊಂಡು ಮುಂದೆ ಹೋಗುವ ವಿದ್ಯಾರ್ಥಿಗಳು ತಪ್ಪುವುದು ಇಲ್ಲೇ. ಆವರಣ ಎಂದರೆ ‘ನನ್ನಿಂದ ಮುಂದೆ ಆಗದು’ ಎಂದಷ್ಟೇ.

ಕಾರಣ ಸರಳ. ಯಂತ್ರ ಹುಡುಕುವುದು ಮೂರಂಕಿಯ ಅವಿಭಾಜ್ಯಗಳನ್ನು, ಅಂದರೆ 997ರವರೆಗೆ. ಮುಂದಿನ ಅವಿಭಾಜ್ಯ 1009, ಅದರ ವರ್ಗ 1018081. ಉಳಿದ ಸಂಖ್ಯೆ ಇದಕ್ಕಿಂತ ಚಿಕ್ಕದಾಗಿದ್ದರೆ ಅದು ಅವಿಭಾಜ್ಯವಾಗಿರಲೇಬೇಕು, ಹಾಗಾಗಿ 587101ಕ್ಕೆ ಆವರಣ ಬೀಳಲಿಲ್ಲ. ಅಷ್ಟೇ ಅಥವಾ ಅದಕ್ಕಿಂತ ದೊಡ್ಡದಾದರೆ ಆವರಣ.

13717421 ಒಡೆಯಲು ಗಣಿತಜ್ಞ ಫರ್ಮಾನ ದಾರಿ ಹಿಡಿಯಿರಿ: ವರ್ಗಮೂಲಕ್ಕಿಂತ ದೊಡ್ಡ ಪೂರ್ಣಾಂಕಗಳ ವರ್ಗದಿಂದ ಸಂಖ್ಯೆಯನ್ನು ಕಳೆಯುತ್ತ, ಉಳಿದದ್ದು ಪೂರ್ಣವರ್ಗವಾಗುವವರೆಗೆ ಹೋಗುವುದು. ವರ್ಗಮೂಲ 3703.7ರಷ್ಟು. 3704ರ ವರ್ಗದಿಂದ ಕಳೆದರೆ 2195, ಇದು ಪೂರ್ಣವರ್ಗವಲ್ಲ. 3705ರ ವರ್ಗದಿಂದ ಕಳೆದರೆ 9604, ಅಂದರೆ 98ರ ವರ್ಗ. ಹಾಗಾದರೆ 3705−98 ಮತ್ತು 3705+98: 3607×3803. ಎರಡೇ ಹೆಜ್ಜೆ! ಇವೆರಡೂ 1018081ಕ್ಕಿಂತ ಎಷ್ಟೋ ಕೆಳಗಿರುವುದರಿಂದ ಬಟನ್ನೇ ಅವಿಭಾಜ್ಯವೆಂದು ಖಾತ್ರಿ ಮಾಡುತ್ತದೆ. ಅಪವರ್ತನಗಳು ಒಂದಕ್ಕೊಂದು ದೂರವಿದ್ದರೆ ಮಾತ್ರ ಈ ದಾರಿ ಬಹಳ ಉದ್ದ.

ಪೂರ್ತಿ ಒಡೆದ ಮೇಲೆಯೇ ವರ್ಗೀಕರಣ. ಪ್ರತಿ ಅವಿಭಾಜ್ಯದ ಘಾತಕ್ಕೆ ಒಂದು ಸೇರಿಸಿ ಗುಣಿಸಿದರೆ, 1234567890ಕ್ಕೆ ಭಾಜಕಗಳು 2×3×2×2×2 = 48. ಅವುಗಳ ಮೊತ್ತ (1+2)×(1+3+9)×(1+5)×(1+3607)×(1+3803), ಅಂದರೆ 3×13×6×3608×3804 = 3211610688. ಸಂಖ್ಯೆಯನ್ನೇ ಕಳೆದರೂ 1977042798 ಉಳಿಯುತ್ತದೆ, ಸಂಖ್ಯೆಗಿಂತ ಹೆಚ್ಚು. ಆದ್ದರಿಂದ ಇದು ಅಬಂಡಂಟ್. 13717421 ಅನ್ನು ಅವಿಭಾಜ್ಯವೆಂದು ತಿಳಿದವರಿಗೆ ಭಾಜಕಗಳು 24 ಎಂದು ಬಂದಿರುತ್ತಿತ್ತು.

ಹತ್ತಂಕಿ ಮೀರಿದರೆ, ದಶಾಂಶ, ಭಿನ್ನರಾಶಿ ಅಥವಾ ಋಣ ಸಂಖ್ಯೆಯಾದರೆ ಈ ಬಟನ್ ನಡೆಯುವುದಿಲ್ಲ. ಪಿಯುಸಿ, ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯಾಸಕ್ಕೆ ನಿಸ್ಸಂಶಯವಾಗಿ ಕೊಳ್ಳಬಹುದು. ಆದರೆ 9999999967ರಂಥ ಹತ್ತಂಕಿಯ ಅವಿಭಾಜ್ಯವನ್ನು ಇದರಲ್ಲಿ ಖಚಿತಪಡಿಸಲು ಹೊರಟರೆ 1009ರಿಂದ ಅದರ ವರ್ಗಮೂಲದ ತನಕ, ಅಂದರೆ 99991ರವರೆಗಿನ 9424 ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸಬೇಕು. ಆ ಕೆಲಸಕ್ಕೆ ಲಿನಕ್ಸ್ ಕಂಪ್ಯೂಟರಿನ ‘ಫ್ಯಾಕ್ಟರ್’ ಆಜ್ಞೆಯೇ ಸರಿ.