ತೋಟಕ್ಕೆ ಕಾಯಂ ಆಳೋ, ಗುತ್ತಿಗೆ ಗುಂಪೋ?

ಕಾಫಿ ಕೊಯ್ಲಿನ ಮಟ್ಟಿಗೆ ಹೆಚ್ಚು ಯೋಚಿಸಬೇಡಿ. ರೋಬಸ್ಟಾ ಜಾತಿಯ ಹಣ್ಣು ಕೊಯ್ಯಲು ಮೇಸ್ತ್ರಿ ಕರೆತರುವ ಗುತ್ತಿಗೆ ಗುಂಪೇ ಸಾಕು. ಕಿಲೋ ಲೆಕ್ಕದ ಕೂಲಿ, ಕೊಯ್ಲು ಮುಗಿದರೆ ಲೆಕ್ಕ ಚುಕ್ತಾ.

ಗಿಡ ಕಸಿಯ, ಅಂದರೆ ಬೇಡದ ಕೊಂಬೆ ಕತ್ತರಿಸುವ ಕೆಲಸದ ಮಾತೇ ಬೇರೆ. ಕಾಫಿ ಕಾಯಿ ಕಟ್ಟುವುದು ಹಿಂದಿನ ವರ್ಷ ಬೆಳೆದ ಕೊಂಬೆಯಲ್ಲಿ. ಕತ್ತರಿ ತಪ್ಪಿದರೆ ಬರುವ ವರ್ಷದ ಫಸಲೇ ನೆಲಕ್ಕೆ. ಅರೇಬಿಕಾ ಜಾತಿಯ ಕಾಫಿ ಇದ್ದರಂತೂ ಕಾಂಡದ ಮೇಲಿನ ಉಬ್ಬುಗೆರೆ ನೋಡಿಯೇ ಬಿಳಿ ಕಾಂಡಕೊರಕ ಹುಳುವನ್ನು ಗುರುತಿಸಿ, ಗಿಡ ಕಿತ್ತು ಸುಡುವವರು ಬೇಕು. ಆ ಕಣ್ಣಿಗೆ ದಿನಕ್ಕೆ ನೂರು ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ ಎಂಬುದು ನನ್ನ ಲೆಕ್ಕ.

ಕಲಿಸಿದರೆ ಪಕ್ಕದ ತೋಟಕ್ಕೆ ಹೋಗಿಬಿಡುತ್ತಾರೆ ಎಂಬ ಭಯವೂ ಸುಳ್ಳಲ್ಲ. 1992ರಲ್ಲಿ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ ಇದನ್ನೇ ಎರಡಾಗಿ ಬಿಡಿಸಿದ್ದರು: ಎಲ್ಲೆಡೆ ಬೆಲೆಬಾಳುವ ಕೌಶಲ, ಒಂದೇ ಕಡೆ ಬೆಲೆಯಿರುವ ತಿಳಿವಳಿಕೆ. ಕಸಿ ಮೊದಲನೆಯದು, ಕೊಡಗಿನ ಸೋಮವಾರಪೇಟೆಯಿಂದ ಪೊನ್ನಂಪೇಟೆಯವರೆಗೆ ಎಲ್ಲಿಯೂ ನಡೆಯುತ್ತದೆ, ಆದ್ದರಿಂದ ಊರಿನ ದರ ಕೊಡದೆ ಉಳಿಸಿಕೊಳ್ಳಲಾಗದು. ನಿಮ್ಮ ತೋಟದ ಯಾವ ಮೂಲೆಯಲ್ಲಿ ಮಳೆನೀರು ನಿಲ್ಲುತ್ತದೆ, ಆನೆ ಯಾವ ಕಡೆಯಿಂದ ನುಗ್ಗುತ್ತದೆ ಎಂಬುದು ಎರಡನೆಯದು. ಅದು ಗುತ್ತಿಗೆಗೆ ಸಿಗುವ ಸರಕಲ್ಲ. ಅದನ್ನು ಬಲ್ಲ ಕಾಯಂ ಆಳು ಉಳಿಯಬೇಕಾದರೆ, ಆಳುಗಳು ವಾಸಿಸುವ ಲೈನ್‌ಮನೆಯ ಸೂರು ಸೋರುತ್ತಿದ್ದರೆ ಮೊದಲು ಅದನ್ನು ಸರಿಮಾಡಿಸಿ.