ಮೌಸ್ ಎಂಡೋಥೀಲಿಯಲ್ ಕೋಶಗಳಿಗೆ ಆಂಟಿಬಾಡಿ ತರಿಸುವ ಮುನ್ನ ಇದನ್ನು ಓದಿ

ಐದು ತಿಂಗಳ ಕೆಲಸ ನೀರುಪಾಲಾಯಿತು. ನಿಮಗೆ ಹೀಗಾಗಬಾರದು ಅಂತ ಬರೆಯುತ್ತಿದ್ದೇನೆ.

ಮೌಸ್‌ನ ಲಿವರ್‌ನಿಂದ ತೆಗೆದ ಎಂಡೋಥೀಲಿಯಲ್ ಕೋಶಗಳ ಮೇಲೆ, ಅಂದರೆ ರಕ್ತನಾಳದ ಒಳಮೈಗೆ ಹಾಸಿಕೊಂಡಿರುವ ಕೋಶಗಳ ಮೇಲೆ, ವಿಇಜಿಎಫ್‌ಆರ್2 ಎಂಬ ರಿಸೆಪ್ಟರ್ (ರಕ್ತನಾಳ ಬೆಳೆಸುವ ಸಂಕೇತವನ್ನು ಹಿಡಿಯುವ ಪ್ರೋಟೀನ್) ಎಷ್ಟಿದೆ ಎಂದು ನೋಡಬೇಕಿತ್ತು. ಮೌಸ್‌ನಲ್ಲಿ ಇದಕ್ಕೆ ಫ್ಲಕ್-1 ಅಂತಲೂ, ಮನುಷ್ಯರಲ್ಲಿ ಕೆಡಿಆರ್ ಅಂತಲೂ ಹೆಸರಿದೆ. ಅದಕ್ಕೆ ಅಂಟಿ ಗುರುತಿಸಲೆಂದು ಮೊಲದಲ್ಲಿ ಮಾಡಿದ ಪಾಲಿಕ್ಲೋನಲ್ (ಹಲವು ಬಗೆಯವು ಬೆರೆತ) ಆಂಟಿಬಾಡಿ ಒಂದನ್ನು ತರಿಸಿದೆ. ಡೇಟಾಶೀಟ್‌ನಲ್ಲಿ 'ಹ್ಯೂಮನ್, ಮೌಸ್, ರ‍್ಯಾಟ್' ಎಂದು ಮೂರೂ ಇತ್ತು. ಅಷ್ಟು ಸಾಕು ಅಂದುಕೊಂಡೆ.

ಅಲ್ಲೇ ತಪ್ಪಿದ್ದು. ಮೌಸ್ ಅನ್ನುವ ಪದದ ಪಕ್ಕ ಸಣ್ಣದೊಂದು ನಕ್ಷತ್ರ ಗುರುತಿತ್ತು. ಪುಟದ ಕೆಳಗೆ ಅದರ ವಿವರಣೆ: 'ಪ್ರಿಡಿಕ್ಟೆಡ್'. ಅಂದರೆ ಮೌಸ್ ಕೋಶದ ಮೇಲೆ ಯಾರೂ ಹಾಕಿ ನೋಡಿಲ್ಲ. ಎರಡು ಪ್ರೋಟೀನ್‌ಗಳ ಸೀಕ್ವೆನ್ಸ್ ಹೋಲುತ್ತದೆ, ಹಿಡಿಯಬಹುದು ಎಂಬ ಊಹೆ ಅಷ್ಟೇ. ಡೇಟಾಶೀಟ್‌ನ ಚಿತ್ರವೂ ಮೌಸ್‌ದಲ್ಲ. ಹೆಕ್293 ಎಂಬ, ಲ್ಯಾಬಿನಲ್ಲಿ ಬೆಳೆಸುವ ಮನುಷ್ಯರ ಕೋಶಗಳಿಗೆ ಮನುಷ್ಯರ ರಿಸೆಪ್ಟರ್‌ನ ಜೀನ್ ಹಾಕಿ, ಅದನ್ನು ವಿಪರೀತ ಜಾಸ್ತಿ ತಯಾರಾಗುವಂತೆ ಮಾಡಿ ತೆಗೆದ ಬ್ಲಾಟ್. ಅಂದರೆ ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ಗಾತ್ರದ ಪ್ರಕಾರ ಬೇರ್ಪಡಿಸಿ, ಆಂಟಿಬಾಡಿ ಅಂಟಿದಲ್ಲಿ ಪಟ್ಟಿ (ಬ್ಯಾಂಡ್) ಕಾಣಿಸುವ ಚಿತ್ರ. ಅಷ್ಟು ಪ್ರೋಟೀನ್ ತುಂಬಿಸಿದರೆ ಎಂಥ ಆಂಟಿಬಾಡಿಯೂ ಬ್ಯಾಂಡ್ ತೋರಿಸೀತು.

ಫ್ಲೋ ಸೈಟೋಮೀಟರ್‌ನಲ್ಲಿ (ಒಂದೊಂದೇ ಕೋಶದ ಹೊಳಪು ಅಳೆಯುವ ಯಂತ್ರ; ಗ್ರಾಫ್‌ನ ಪೀಕ್ ಬಲಕ್ಕೆ ಸರಿದಷ್ಟೂ ಹೆಚ್ಚು ಆಂಟಿಬಾಡಿ ಅಂಟಿದೆ ಎಂದರ್ಥ) ಮೊದಲ ದಿನವೇ ಪೀಕ್ ಚೆನ್ನಾಗಿ ಬಲಕ್ಕೆ ಸರಿದಿತ್ತು. ಆಂಟಿಬಾಡಿ ಹಾಕದ ಕೋಶಗಳದ್ದು ಎಡದಲ್ಲಿ, ಹಾಕಿದವುಗಳದ್ದು ಹತ್ತು ಪಟ್ಟು ಬಲದಲ್ಲಿ. ನಡುವೆ ಖಾಲಿ ಜಾಗ. ನೋಡಿ ತುಂಬಾ ಖುಷಿಯಾಗಿತ್ತು.

ವೆಸ್ಟರ್ನ್ ಬ್ಲಾಟ್‌ನಲ್ಲಿ 150 ಕಿಲೋಡಾಲ್ಟನ್ (ಪ್ರೋಟೀನ್ ತೂಕದ ಅಳತೆ) ಹತ್ತಿರ ಒಂದೇ ಬ್ಯಾಂಡ್, ಅಚ್ಚುಕಟ್ಟಾಗಿ ಬಂತು. ಅಮೈನೋ ಆಮ್ಲಗಳ ಲೆಕ್ಕ ಹಾಕಿದರೂ ಸುಮಾರು 150 ಬರುತ್ತದೆ, ಅಲ್ವಾ? ಸಮಾಧಾನವಾಯಿತು. ನಿಜಕ್ಕೂ ಆಗ ಗಾಬರಿಯಾಗಬೇಕಿತ್ತು. ಈ ರಿಸೆಪ್ಟರ್‌ಗೆ ಮೈತುಂಬಾ ಸಕ್ಕರೆಯ ಸರಪಳಿಗಳು ಅಂಟಿಕೊಂಡಿರುತ್ತವೆ. ಹಾಗಾಗಿ ಜೆಲ್‌ನಲ್ಲಿ ಅದು ಕಾಣುವುದು 200ರಿಂದ 230ರ ನಡುವೆ. ಮೇಲಿನದು ಪೂರ್ತಿ ಬಲಿತದ್ದು, ಕೆಳಗಿನದು ಇನ್ನೂ ತಯಾರಾಗುತ್ತಿರುವುದು. ಲೆಕ್ಕಕ್ಕೆ ಸರಿಯಾಗಿ 150ರಲ್ಲಿ ಕೂತ ಬ್ಯಾಂಡೇ ಅನುಮಾನದ ಬ್ಯಾಂಡ್.

ಐದನೇ ತಿಂಗಳು ಲ್ಯಾಬಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಕೇಳಿದಳು: "ಐಸೋಟೈಪ್ ಕಂಟ್ರೋಲ್ ಎಲ್ಲಿದೆ, ಅಕ್ಕಾ?" ನನ್ನ ಹತ್ತಿರ ಸೆಕೆಂಡರಿ (ಮೊದಲ ಆಂಟಿಬಾಡಿಗೆ ಅಂಟುವ, ಬಣ್ಣ ಹೊತ್ತ ಎರಡನೇ ಆಂಟಿಬಾಡಿ) ಮಾತ್ರ ಹಾಕಿದ ಕಂಟ್ರೋಲ್ ಇತ್ತು, ಐಸೋಟೈಪ್‌ದು ಇರಲಿಲ್ಲ. ಮರುದಿನವೇ ಆ ಕಂಟ್ರೋಲ್ ಆಗಿ, ಯಾವುದನ್ನೂ ಗುರಿಯಾಗಿಸದ, ಮೊಲದ ಸಾದಾ ಐಜಿಜಿಯನ್ನು (ರಕ್ತದಲ್ಲಿರುವ ಸಾಮಾನ್ಯ ಬಗೆಯ ಆಂಟಿಬಾಡಿ) ಅಷ್ಟೇ ಪ್ರಮಾಣದಲ್ಲಿ ಹಾಕಿದೆವು. ಪೀಕ್ ಅದೇ ಜಾಗಕ್ಕೆ ಬಂದು ನಿಂತಿತು. ಎರಡನ್ನೂ ಒಂದರ ಮೇಲೊಂದು ಇಟ್ಟರೆ ಒಂದೇ ಗೆರೆ. ನನಗೆ ಮಾತೇ ಹೊರಡಲಿಲ್ಲ.

ಲಿವರ್‌ನ ಸೈನುಸಾಯ್ಡ್ ಎಂಬ ಸಣ್ಣ ರಕ್ತನಾಳಗಳಲ್ಲಿರುವ ಎಂಡೋಥೀಲಿಯಲ್ ಕೋಶಗಳ ಮೇಲೆ ಎಫ್‌ಸಿ ರಿಸೆಪ್ಟರ್‌ಗಳು ಜಾಸ್ತಿ. ರಕ್ತದಲ್ಲಿ ಹರಿಯುವ ಆಂಟಿಬಾಡಿ-ಆಂಟಿಜೆನ್ ಗಂಟುಗಳನ್ನು ಹಿಡಿದು ತೆಗೆಯುವುದೇ ಅವುಗಳ ಒಂದು ಕೆಲಸ. ನಾವು ಹಾಕುವ ಆಂಟಿಬಾಡಿಯನ್ನೂ ಅವು ಬಾಲದಿಂದ ಹಿಡಿದುಕೊಳ್ಳುತ್ತವೆ. ತುದಿಯಲ್ಲಿ ಏನು ಗುರುತಿಸುತ್ತದೆ ಅನ್ನುವುದು ಅಲ್ಲಿ ಲೆಕ್ಕಕ್ಕೇ ಇಲ್ಲ. ಮೊದಲು 2.4ಜಿ2 ಕ್ಲೋನ್ ಎಂಬ ತಡೆಯುವ ಆಂಟಿಬಾಡಿ ಹಾಕಿ ಸಿಡಿ16, ಸಿಡಿ32 ಎಂಬ ಎಫ್‌ಸಿ ರಿಸೆಪ್ಟರ್‌ಗಳೆರಡನ್ನೂ ಮುಚ್ಚಿದ ಮೇಲೆ ನೋಡಿದರೆ ಪೀಕ್ ಎಡಕ್ಕೆ ಬಿತ್ತು.

ಬ್ಯಾಂಡ್ ಕಥೆಯೂ ಅದೇ. ಬಿ-ಎಂಡ್3 ಎಂಬ ಮೌಸ್ ಎಂಡೋಥೀಲಿಯಲ್ ಕೋಶಗಳಲ್ಲಿ ಎಸ್‌ಐಆರ್‌ಎನ್‌ಎ (ಬೇಕಾದ ಜೀನ್‌ನ ಆರ್‌ಎನ್‌ಎಯನ್ನು ನಾಶಮಾಡುವ ಸಣ್ಣ ಆರ್‌ಎನ್‌ಎ) ಹಾಕಿ ಫ್ಲಕ್-1 ಇಳಿಸಿದೆವು. ಆರ್‌ಎನ್‌ಎ ಚೆನ್ನಾಗಿ ಇಳಿಯಿತು, ಬ್ಯಾಂಡ್ ಕದಲಲಿಲ್ಲ. ಫ್ಲಕ್-1 ಇರಬಾರದ ಎನ್‌ಐಎಚ್ 3ಟಿ3 ಫೈಬ್ರೋಬ್ಲಾಸ್ಟ್ ಕೋಶಗಳಲ್ಲೂ ಅದೇ ಬ್ಯಾಂಡ್, ಅಷ್ಟೇ ದಪ್ಪ. ನಾಕೌಟ್ (ಆ ಜೀನ್ ಕಿತ್ತುಹಾಕಿದ) ಮೌಸ್‌ನ ಅಂಗಾಂಶದಲ್ಲಿ ನೋಡಿದ್ದರೆ ಮೊದಲೇ ತಿಳಿಯುತ್ತಿತ್ತು ಅನ್ನಬಹುದು. ಈ ಜೀನ್‌ಗೆ ಅದು ಸುಲಭವಲ್ಲ. ಫ್ಲಕ್-1 ಇಲ್ಲದ ಭ್ರೂಣಕ್ಕೆ ರಕ್ತನಾಳವೇ ಮೂಡುವುದಿಲ್ಲ, ಎಂಟೂವರೆಯಿಂದ ಒಂಬತ್ತೂವರೆ ದಿನದೊಳಗೆ ಸಾಯುತ್ತದೆ ಎಂದು 1995ರಲ್ಲೇ ತೋರಿಸಿದ್ದಾರೆ. ಹಾಗಾಗಿ ಎಸ್‌ಐಆರ್‌ಎನ್‌ಎ ಪರೀಕ್ಷೆ ಬಿಡಲೇಬೇಡಿ. ಆಂಟಿಬಾಡಿ ಬಂದ ವಾರವೇ ಮಾಡಿ.

ಮಾರಿದವರಿಗೆ ಎಲ್ಲ ಚಿತ್ರಗಳನ್ನೂ ಕಳಿಸಿದೆ. ಪ್ರಿಡಿಕ್ಟೆಡ್ ಎಂದು ಮೊದಲೇ ಬರೆದಿದ್ದೇವೆ, ಅದಕ್ಕೆ ಗ್ಯಾರಂಟಿ ಇಲ್ಲ ಎಂದು ಉತ್ತರ ಬಂತು. ಬರೆದಿದ್ದು ನಿಜ. ಆದರೆ ಅಷ್ಟು ಸಣ್ಣ ಅಕ್ಷರದಲ್ಲಿ ಬರೆಯುವುದು ಸರಿಯಲ್ಲ.

ಈಗ ಫ್ಲೋಗೆ ಅವಾಸ್12 ಎಂಬ ರ‍್ಯಾಟ್ ಮೊನೋಕ್ಲೋನಲ್ (ಒಂದೇ ಬಗೆಯ ಆಂಟಿಬಾಡಿ) ಬಳಸುತ್ತಿದ್ದೇವೆ. ಮೌಸ್‌ನ ಫ್ಲಕ್-1 ವಿರುದ್ಧವೇ ಮಾಡಿದ್ದು. ಬಣ್ಣ ನೇರವಾಗಿ ಅಂಟಿಸಿರುವುದನ್ನೇ ತರಿಸಿ. ಸೆಕೆಂಡರಿ ಬೇಕೇಬೇಕು ಅಂದರೆ, ಮೌಸ್ ಐಜಿಜಿಗೆ ಅಂಟುವ ಭಾಗವನ್ನು ತೆಗೆದುಹಾಕಿರುವ ಆಂಟಿ-ರ‍್ಯಾಟ್ ಆಗಿರಲಿ. ಕನ್ನಡದಲ್ಲಿ ಎರಡಕ್ಕೂ ಇಲಿ ಅಂತಲೇ ಹೇಳಿಬಿಡುತ್ತೇವೆ. ಇವುಗಳ ಐಜಿಜಿಗಳೂ ಅಷ್ಟೇ, ಒಂದನ್ನೊಂದು ಹೋಲುತ್ತವೆ. ಸತ್ತ ಕೋಶಗಳನ್ನು ಬೇರೆ ಬಣ್ಣ ಹಾಕಿ ಲೆಕ್ಕದಿಂದ ಹೊರಗಿಡಿ. ಅವು ಸಿಕ್ಕಿದ್ದನ್ನೆಲ್ಲಾ ಅಂಟಿಸಿಕೊಳ್ಳುತ್ತವೆ. ಪ್ಲೇಟ್‌ನಿಂದ ಕೋಶ ಬಿಡಿಸಲು ಟ್ರಿಪ್ಸಿನ್ ಬೇಡ. ಹೊರಗೆ ಚಾಚಿರುವ ಪ್ರೋಟೀನ್‌ಗಳನ್ನೇ ಅದು ಕತ್ತರಿಸುತ್ತದೆ. ಆಮೇಲೆ ಒಳ್ಳೆಯ ಆಂಟಿಬಾಡಿಯನ್ನೂ ಸುಮ್ನೆ ಬೈಯಬೇಕಾಗುತ್ತದೆ. ಇಡಿಟಿಎ ಸಾಕು.

ಹಳೆಯ ವಯಲ್ ಇನ್ನೂ ಫ್ರೀಜರ್‌ನಲ್ಲಿದೆ. ಮುಚ್ಚಳದ ಮೇಲೆ ಕೆಂಪು ಮಾರ್ಕರ್‌ನಲ್ಲಿ 'ಮೌಸ್‌ಗೆ ಬೇಡ' ಎಂದು ಬರೆದು, ಪಕ್ಕದಲ್ಲೇ ಲಾಟ್ ನಂಬರ್ ಹಾಕಿಟ್ಟಿದ್ದೇನೆ.