ಜಜ್ಜಿದ ದೃಷ್ಟಿನರ, ಮೀನಿನ ರೆಟಿನಾ: ಟ್ರೈಜಾಲ್ ಎಷ್ಟು ನಂಬಿಕಸ್ಥ?

ಜೀಬ್ರಾಮೀನಿನ ದೃಷ್ಟಿನರವನ್ನು ಫೋರ್ಸೆಪ್ಸ್‌ನಿಂದ ಜಜ್ಜಿದರೂ ರೆಟಿನಾದ ಗ್ಯಾಂಗ್ಲಿಯನ್ ಕೋಶಗಳಲ್ಲಿ (ಕಣ್ಣಿನ ಸಂದೇಶವನ್ನು ಮಿದುಳಿಗೆ ಒಯ್ಯುವ ನರಕೋಶಗಳು) ಹೆಚ್ಚಿನವು ಉಳಿದುಕೊಂಡು ಹೊಸ ಆಕ್ಸಾನ್ (ನರಕೋಶದ ಉದ್ದನೆಯ ಎಳೆ) ಚಾಚುತ್ತವೆ. ಆಗ ಗ್ಯಾಪ್43, ಕೆಎಲ್‌ಎಫ್6ಎ, ಕೆಎಲ್‌ಎಫ್7ಎ, ಸಾಕ್ಸ್11ಬಿ ಮುಂತಾದ ಜೀನ್‌ಗಳು ಚುರುಕಾಗುತ್ತವೆ. ಯಾವುದು ಯಾವ ದಿನ ಏರಿತು ಎಂದು ಅಳೆಯಲು ಮೊದಲು ಬೇಕಾದ್ದು, ಚುರುಕಾದ ಜೀನ್‌ಗಳ ನಕಲಾದ, ಶುದ್ಧ ಆರ್‌ಎನ್‌ಎ. ಇಡೀ ರೆಟಿನಾದಲ್ಲಿ ಗ್ಯಾಂಗ್ಲಿಯನ್ ಕೋಶಗಳ ಪಾಲೇ ಕಡಿಮೆ. ಹಾಗಾಗಿ ಮಾದರಿ ಸ್ವಲ್ಪ ಕೆಟ್ಟರೂ ಅವುಗಳ ಬದಲಾವಣೆ ಉಳಿದ ಕೋಶಗಳ ಗದ್ದಲದಲ್ಲಿ ಕಾಣದೇ ಹೋಗುತ್ತದೆ.

ಅಂಗಾಂಶದಿಂದ ಆರ್‌ಎನ್‌ಎ ಬಿಡಿಸುವ ಈ ಕೆಲಸಕ್ಕೆ ಇನ್‌ವಿಟ್ರೋಜೆನ್ ಕಂಪನಿಯ ಟ್ರೈಜಾಲ್ ನಿಜಕ್ಕೂ ಒಳ್ಳೆಯ ದ್ರಾವಣ. ಅದರಲ್ಲಿರುವ ಫೀನಾಲ್ ಮತ್ತು ಗ್ವಾನಿಡಿನ್ ಐಸೋಥಯೋಸಯನೇಟ್ ಅಂಗಾಂಶವನ್ನು ಕರಗಿಸುತ್ತಲೇ ಆರ್‌ಎನ್‌ಎ ಕತ್ತರಿಸುವ ಕಿಣ್ವಗಳ ಬಾಯಿ ಕಟ್ಟುತ್ತವೆ. ಒಂದೇ ದಿನ ಹಲವು ಮೀನುಗಳಿಂದ ರೆಟಿನಾ ಬಿಡಿಸುವವರಿಗೆ ಇದೇ ದೊಡ್ಡ ಅನುಕೂಲ: ಅರೆದ ಮಾದರಿಯನ್ನು ಮೈನಸ್ 70 ಡಿಗ್ರಿಯಲ್ಲಿಟ್ಟು, ಎಲ್ಲ ದಿನಗಳ ಮಾದರಿ ಕೂಡಿದ ಮೇಲೆ ಒಟ್ಟಿಗೆ ಮುಂದುವರಿಸಬಹುದು.

ತೊಂದರೆ ಶುರುವಾಗುವುದು ಕಣ್ಣಿನ ಕಪ್ಪು ಪದರದಿಂದ. ಅದರ ಬಣ್ಣದ್ರವ್ಯ ಮೆಲನಿನ್ ಆರ್‌ಎನ್‌ಎ ಜೊತೆಗೇ ಬಂದು ಪಿಸಿಆರ್ (ಜೀನ್ ಪ್ರತಿಗಳನ್ನು ಹೆಚ್ಚಿಸಿ ಅಳೆಯುವ ವಿಧಾನ) ತಡೆಯುತ್ತದೆ. ಮೀನನ್ನು ಮೊದಲೇ ಕತ್ತಲಲ್ಲಿಟ್ಟರೆ ಆ ಪದರ ರೆಟಿನಾದಿಂದ ಸಲೀಸಾಗಿ ಬಿಡಿಸಿಕೊಳ್ಳುತ್ತದೆ. ಈ ಹಂತವನ್ನು ಬಿಟ್ಟರೆ ಎಷ್ಟೇ ದುಬಾರಿ ದ್ರಾವಣ ತಂದರೂ ಪ್ರಯೋಜನ ಕಡಿಮೆ.

ಅರೆದ ಮೇಲೆ 5 ನಿಮಿಷ ಬಿಡಿ. 1 ಮಿಲಿ ಟ್ರೈಜಾಲ್‌ಗೆ 0.2 ಮಿಲಿ ಕ್ಲೋರೋಫಾರ್ಮ್ ಹಾಕಿ, ಚೆನ್ನಾಗಿ ಅಲುಗಾಡಿಸಿ, 2-3 ನಿಮಿಷ ಬಿಟ್ಟು, 4 ಡಿಗ್ರಿಯಲ್ಲಿ 12,000 ಜಿ ವೇಗಕ್ಕೆ 15 ನಿಮಿಷ ತಿರುಗಿಸಿ. ಕೆಳಗೆ ಕೆಂಪು, ನಡುವೆ ಬಿಳಿ ಪೊರೆ, ಮೇಲೆ ಆರ್‌ಎನ್‌ಎ ಇರುವ ತಿಳಿ ನೀರು ಕಾಣುತ್ತದೆ. ತಿಳಿಯನ್ನು ಪೂರ್ತಿ ಎಳೆಯುವ ಆಸೆ ಬೇಡ. ಬಿಳಿ ಪೊರೆ ಪಿಪೆಟ್ ತುದಿಗೆ ತಾಗಿದರೆ ಡಿಎನ್‌ಎ ಸೇರಿಕೊಂಡು ಅಳತೆ ಸುಳ್ಳಾಗುತ್ತದೆ.

ಇಲ್ಲಿಂದ ಮುಂದೆ ಐಸೋಪ್ರೊಪನಾಲ್‌ನಿಂದ ಆರ್‌ಎನ್‌ಎಯನ್ನು ಉಂಡೆಯಾಗಿ ತಳಕ್ಕಿಳಿಸುವ ಹಳೆಯ ದಾರಿಯನ್ನು ನಾವು ಶಿಫಾರಸು ಮಾಡುವುದಿಲ್ಲ. ಇಷ್ಟು ಸಣ್ಣ ಅಂಗಾಂಶದಿಂದ ಬರುವ ಉಂಡೆ ಕಣ್ಣಿಗೇ ಬೀಳುವುದಿಲ್ಲ, ತೊಳೆಯುವಾಗ ಜಾರಿ ಹೋಗುತ್ತದೆ. ಗ್ವಾನಿಡಿನ್ ಉಳಿದು ಶುದ್ಧತೆ ತೋರಿಸುವ 260/230 ಅನುಪಾತವೂ ಬೀಳುತ್ತದೆ. ತಿಳಿಗೆ ಅಷ್ಟೇ ಪ್ರಮಾಣದ 70% ಎಥನಾಲ್ ಬೆರೆಸಿ ಆರ್‌ಎನ್‌ಎ ಹಿಡಿದಿಡುವ ಸಿಲಿಕಾ ಕಾಲಮ್‌ಗೆ ಹಾಕಿ, ಅಲ್ಲೇ ಡಿಎನ್‌ಏಸ್ (ಡಿಎನ್‌ಎ ಕತ್ತರಿಸುವ ಕಿಣ್ವ) ಕೊಟ್ಟು ತೊಳೆದು, 14 ಮೈಕ್ರೋಲೀಟರ್ ನೀರಿನಲ್ಲಿ ಇಳಿಸಿಕೊಳ್ಳುವುದೇ ಮೇಲು. ಖರ್ಚು ಹೆಚ್ಚುತ್ತದೆ, ಆದರೆ ಮೀನಿನ ಜೀವಕ್ಕೂ ಬೆಲೆಯಿದೆ. ಮೈಕ್ರೋಆರ್‌ಎನ್‌ಎ (ತೀರ ಚಿಕ್ಕ ಆರ್‌ಎನ್‌ಎ) ಬೇಕಿದ್ದವರು ಮಾತ್ರ ಬೇರೆ ಕಾಲಮ್ ನೋಡಬೇಕು. ಸಾಮಾನ್ಯ ಕಾಲಮ್‌ನಲ್ಲಿ 200 ನ್ಯೂಕ್ಲಿಯೋಟೈಡ್‌ಗಿಂತ ಚಿಕ್ಕವು ಬಹುಪಾಲು ಸೋರಿ ಹೋಗುತ್ತವೆ.

ಫೀನಾಲ್ ಚರ್ಮ ಸುಡುತ್ತದೆ, ಫ್ಯೂಮ್ ಹುಡ್ ಬಿಟ್ಟು ಹೊರಗೆ ಬಾಟಲಿ ತೆರೆಯಬೇಡಿ. ಚೆಲ್ಲಿದ ಟ್ರೈಜಾಲ್ ಮೇಲೆ ಬ್ಲೀಚ್ ಸುರಿಯಲೇಬೇಡಿ, ವಿಷಾನಿಲ ಏಳುತ್ತದೆ.